ಸರ್ಕಲ್ಲಿನಲ್ಲಿಟ್ಟ ಗುರುತು

ನಮ್ಮ ಅಂಗಡಿಗೆ ಬರುವವರು ಮೊದಲು ಹಿಂದೆ ಮುಂದೆ ನೋಡುತ್ತಾರೆ, ಆಮೇಲೆ ಬಾಗಿಲು ತಳ್ಳುತ್ತಾರೆ. ಒಳಗೆ ನಡೆಯುವುದು ಕಳ್ಳ ವ್ಯವಹಾರವೇನಲ್ಲ. ಅಪ್ಪ ಹಲ್ಲಿನ ಸೆಟ್ ಮಾಡುತ್ತಾನೆ. ಮುರಿದದ್ದನ್ನು ಜೋಡಿಸುತ್ತಾನೆ, ಸಡಿಲವಾದದ್ದನ್ನು ಬಿಗಿ ಮಾಡುತ್ತಾನೆ, ಉದುರಿದ ಒಂದೇ ಒಂದು ಹಲ್ಲನ್ನು ಮನೆಯವರಿಗೂ ಗೊತ್ತಾಗದ ಹಾಗೆ ಮತ್ತೆ ಕೂರಿಸಿ ಕೊಡುತ್ತಾನೆ. ಆದರೆ ಹಲ್ಲಿಲ್ಲದ ಬಾಯಿ ಅಂದರೆ ಜನಕ್ಕೆ ಎಲ್ಲಿಲ್ಲದ ನಾಚಿಕೆ. ಮೇಷ್ಟ್ರೇ ಆಗಲಿ, ಪೊಲೀಸೇ ಆಗಲಿ, ಜೀವನಪೂರ್ತಿ ಊರನ್ನೇ ಗದರಿಸಿಕೊಂಡು ಬಂದ ಘಟವಾಣಿಯೇ ಆಗಲಿ, ಸೆಟ್ ಮುರಿದ ದಿನ ಕರ್ಚೀಫಿನ ಹಿಂದೆ ಅಡಗಿಕೊಂಡೇ ಬರುತ್ತಾರೆ.

ಅದಕ್ಕೇ ಅಪ್ಪ ಅಂಗಡಿಯನ್ನು ನೀರಿನ ಟ್ಯಾಂಕ್ ಹಿಂದಿನ ಗಲ್ಲಿಯಲ್ಲಿ ಇಟ್ಟಿದ್ದು. ಬೋರ್ಡಿನ ಮೇಲೆ ಹಲ್ಲು ಕಿರಿಯುವ ಚಿತ್ರ ಬರೆಸಿಲ್ಲ. ಬಾಗಿಲು ಎರಡಿವೆ. ಒಂದರಲ್ಲಿ ಬಂದವರು ಇನ್ನೊಂದರಲ್ಲಿ ಹೋಗುತ್ತಾರೆ, ಬರುವವರ ಮುಖ ಹೋಗುವವರಿಗೆ ಕಾಣುವುದಿಲ್ಲ. ಕುರ್ಚಿಯ ಎದುರಿನ ಕನ್ನಡಿ, ಸೆಟ್ ಬಾಯಲ್ಲಿ ಕೂರುವ ತನಕ ಗೋಡೆಗೆ ಮುಖ ಮಾಡಿಕೊಂಡಿರುತ್ತದೆ. ಹಲ್ಲಿಲ್ಲದವರನ್ನು ಅಪ್ಪ ಮಾತಿಗೆಳೆಯುವುದಿಲ್ಲ, ತಲೆಯಾಡಿಸಿದರೆ ಸಾಕಾಗುವಂಥ ಪ್ರಶ್ನೆಗಳನ್ನೇ ಕೇಳುತ್ತಾನೆ.

ಫೋನಿಗೂ ಅವನದೊಂದು ಪದ್ಧತಿ ಇತ್ತು. ಆ ಕಡೆಯಿಂದ ಮಾತಿಲ್ಲ, ಬರೀ ಉಸಿರು ಕೇಳಿಸುತ್ತಿದೆ ಅಂದರೆ ಅಪ್ಪ ಮೆತ್ತಗೆ ಹೇಳುತ್ತಿದ್ದ: "ಮಾತಾಡೋದು ಬೇಡ. ಮುರಿದಿದ್ರೆ ಫೋನ್ ಮೇಲೆ ಒಂದು ಸಲ ತಟ್ಟಿ, ಕಳೆದುಹೋಗಿದ್ರೆ ಎರಡು ಸಲ." ಆ ಕಡೆಯಿಂದ ಟಕ್ ಅನ್ನುತ್ತಿತ್ತು. ಚಿಕ್ಕವಳಿದ್ದಾಗ ನನಗೆ ಅದು ಆಟದ ಹಾಗೆ ಕಾಣುತ್ತಿತ್ತು, ನಾನೂ ಅಕ್ಕನೂ ಗೋಡೆಯ ಆಚೆ ಈಚೆ ಕೂತು ತಟ್ಟಿಕೊಂಡು ಆಡುತ್ತಿದ್ದೆವು.

ನನ್ನ ಬಾಯಿಗೆ ಮಾತ್ರ ಆ ತಾಳ್ಮೆ ಬರಲಿಲ್ಲ. ಮನೆಯಲ್ಲಿ ನನ್ನ ಅಡ್ಡಹೆಸರು ರೇಡಿಯೋ. ಹುಟ್ಟಿದಾಗ ಹಚ್ಚಿದ್ದು, ಇನ್ನೂ ಆರಿಸೋಕಾಗಿಲ್ಲ ಅಂತ ಭಾವ ನಗುತ್ತಾರೆ. ಭಾವ ಅಂದರೆ ಅಕ್ಕನ ಗಂಡ, ಸರ್ಕಲ್ಲಿನಲ್ಲಿ ಬೀಗದ ಕೈ ಮಾಡಿಕೊಡುವ ಅಂಗಡಿ ಇಟ್ಟಿದ್ದಾರೆ. ಸಾಲಾಗಿ ಬೀಗ, ಸಾಲಾಗಿ ಕೀ, ನಡುವೆ ಕಿರ್ರೋ ಅನ್ನುವ ಮೆಷಿನ್ನು. ಆ ಮೆಷಿನ್ನಿನ ಸದ್ದಿನಲ್ಲೇ ಮಾತಾಡಿ ಮಾತಾಡಿ ಅವರಿಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿದೆ. ಇದನ್ನು ಈಗಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಎಲ್ಲ ಹಾಳಾಗುವುದಕ್ಕೆ ಇದೂ ಒಂದು ಕಾರಣ.

ನನ್ನ ಕೆಲಸ ವೆಬ್‌ಸೈಟುಗಳನ್ನು ಸರ್ಚ್‌ನಲ್ಲಿ ಮೇಲಕ್ಕೆ ತರುವುದು. ಜನ ಫೋನಿನಲ್ಲಿ ಏನಾದರೂ ಹುಡುಕಿದರೆ ಒಂದರ ಕೆಳಗೊಂದು ಹೆಸರು ಬರುತ್ತವಲ್ಲ, ಅದರಲ್ಲಿ ಕೊನೆಗೆ ಬಿದ್ದವರನ್ನು ಮುಂದಕ್ಕೆ ತಳ್ಳುವ ಕೆಲಸ. ಮೊದಲು ಒಂದು ಆಫೀಸಿನಲ್ಲಿದ್ದೆ. ಆ ಆಫೀಸು ಮುಚ್ಚಿದ ಮೇಲೆ ಅಪ್ಪನ ಅಂಗಡಿಯ ಮುಂದಿನ ಮೇಜಿನ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಹಾಸಿಗೆ ಮಾರುವವರು, ತಿಗಣೆ ಔಷಧಿ ಹೊಡೆಯುವವರು, ಮನೆ ಸಾಮಾನು ಸಾಗಿಸುವವರು, ಎಲ್ಲರನ್ನೂ ಮೊದಲ ಪುಟಕ್ಕೆ ತಂದಿದ್ದೆ. ನಮ್ಮ ಅಂಗಡಿ ಮಾತ್ರ ಮೂರನೇ ಪುಟದಲ್ಲಿ ಬಿದ್ದುಕೊಂಡಿತ್ತು. ಮೂರನೇ ಪುಟ ಅಂದರೆ ಯಾರೂ ಕಾಲಿಡದ ಅಟ್ಟ.

ಅಷ್ಟರಲ್ಲಿ ಮುಖ್ಯರಸ್ತೆಯಲ್ಲಿ ಗಾಜಿನ ಬಾಗಿಲಿನ ದೊಡ್ಡ ದಂತ ಕ್ಲಿನಿಕ್ ಶುರುವಾಯಿತು. ಗೋಡೆಯಗಲ ನಗುವ ಹುಡುಗಿಯ ಫೋಟೋ. ಸರ್ಚ್‌ನಲ್ಲಿ ಅದೇ ಮೊದಲು. ನಮ್ಮಲ್ಲಿ ದಿನಗಟ್ಟಲೆ ಬಾಗಿಲು ತಳ್ಳುವವರೇ ಇಲ್ಲ. ಅಚ್ಚಿಗೆ ಪ್ಲಾಸ್ಟರ್ ಕಲಸುವ ಬಟ್ಟಲನ್ನು ಅಪ್ಪ ತೊಳೆದದ್ದನ್ನೇ ಮತ್ತೆ ತೊಳೆದು ಇಡುತ್ತಿದ್ದ.

"ಇದೇ ಥರ ಆದ್ರೆ ವರ್ಷದ ಕೊನೆಗೆ ಬಾಗಿಲು ಹಾಕ್ಬಿಡೋಣ ಮಗಳೇ," ಅಂದ ಒಂದು ದಿನ. "ಬೇಜಾರೇನಿಲ್ಲ. ಮುಖ ಮುಚ್ಕೊಂಡು ಬರೋರು ಎಲ್ಲಿಗೆ ಹೋಗ್ತಾರೆ ಅನ್ನೋದೊಂದೇ ಯೋಚನೆ. ಆ ಗಾಜಿನ ಬಾಗಿಲಲ್ಲಿ ಹೆಂಗೆ ಹೋಗ್ತಾರೆ ಅವ್ರು?"

ಬೇಜಾರಿಲ್ಲ ಅಂದವನು ಊಟ ಅರ್ಧಕ್ಕೇ ಬಿಟ್ಟು ಎದ್ದ. ನನಗೆ ಮೈಯೆಲ್ಲ ಉರಿಯಿತು. ಕಂಡವರ ತಿಗಣೆಗೆ ಮೊದಲ ಪುಟ ಕೊಡಿಸಿದವಳು ಹೆತ್ತ ಅಪ್ಪನನ್ನು ಅಟ್ಟಕ್ಕೆ ಹಾಕಿ ಕೂತಿದ್ದೇನಲ್ಲ ಅನ್ನಿಸಿತು.

ಸೈಟನ್ನು ಹೊಸದಾಗಿ ಬರೆದೆ. ಫೋಟೋ ಹಾಕಿದೆ, ಜನ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಬರೆದೆ. ಸೆಟ್ ಬಿದ್ದು ಎರಡು ಹೋಳಾದರೆ ಏನು ಮಾಡಬೇಕು, ಮನೆಯಲ್ಲಿ ಗಮ್ ಹಾಕಿ ಯಾಕೆ ಅಂಟಿಸಬಾರದು, ಎಲ್ಲಾ. ಮೂರನೇ ಪುಟದಿಂದ ಎರಡನೆಯದಕ್ಕೆ ಬಂತು, ಅಲ್ಲೇ ನಿಂತಿತು. ಯಾಕೆಂದು ನನಗೆ ಗೊತ್ತಿತ್ತು. ಜನ ಹುಡುಕುವುದು "ಹತ್ತಿರದಲ್ಲಿ ಹಲ್ಲಿನ ಸೆಟ್ ರಿಪೇರಿ" ಅಂತ. ಹುಡುಕುವ ಜನ ಇರುವುದು ಸರ್ಕಲ್ಲಿನ ಸುತ್ತ. ಅವರಿಗೆ ಹತ್ತಿರ ಯಾರಿದ್ದಾರೋ ಅವರ ಹೆಸರು ಮೊದಲು ಬರುತ್ತದೆ. ನಾವು ಬಸ್ಸಿನಲ್ಲಿ ಎರಡು ಸ್ಟಾಪ್ ಆಚೆ, ಟ್ಯಾಂಕಿನ ಹಿಂದೆ ಅಡಗಿ ಕೂತವರು. ಅಡಗಿ ಕೂರುವುದೇ ನಮ್ಮ ಕಸುಬು ಅನ್ನುವುದನ್ನು ಸರ್ಚ್‌ಗೆ ಹೇಳಿ ತಿಳಿಸುವುದು ಹೇಗೆ.

ಆಗ ನನ್ನ ತಲೆಗೆ ಆ ಯೋಚನೆ ಹೊಕ್ಕಿತು. ಮ್ಯಾಪ್‌ನಲ್ಲಿ ನಮ್ಮ ಅಂಗಡಿಯ ಗುರುತನ್ನು ಎತ್ತಿ ಭಾವನ ಅಂಗಡಿಯ ಮೇಲೆ ಇಟ್ಟುಬಿಡುವುದು.

"ಅಲ್ಲಮ್ಮ, ಬೀಗದ ಅಂಗಡೀಲಿ ಹಲ್ಲು ಅಂದ್ರೆ ಜನ ನಗಲ್ವಾ?" ಅಂದರು ಭಾವ.

"ನಗ್ಲಿ ಬಿಡಿ, ನಗೋಕೆ ಹಲ್ಲು ಬೇಕಲ್ಲ, ನಮ್ಮತ್ರಾನೇ ಬರ್ತಾರೆ. ನೀವು ಬಂದೋರಿಗೆ ದಾರಿ ಹೇಳಿ ಕಳ್ಸಿ ಸಾಕು."

ಭಾವ ಒಪ್ಪಿದರು. ನನ್ನ ಬಾಯಿಗೆ ಒಪ್ಪದೆ ಪಾರಾದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅಂಗಡಿ ನಿಜವಾಗಿ ಅಲ್ಲಿದೆ ಅಂತ ತೋರಿಸಲು ಫೋಟೋ ಬೇಕಿತ್ತು. ಭಾವನ ಶಟರಿನ ಪಕ್ಕದ ಗೋಡೆಗೆ ನಮ್ಮ ಅಂಗಡಿಯ ಹೆಸರು, ಫೋನ್ ನಂಬರಿನ ಒಂದು ಬೋರ್ಡು ಹೊಡೆದೆ, ಫೋಟೋ ತೆಗೆದೆ. ಬೋರ್ಡು ಹಾಗೇ ಉಳಿಯಿತು.

ಕೆಲವೇ ವಾರದಲ್ಲಿ ನಾವು ಮೊದಲು ಬಂದೆವು. ಗಾಜಿನ ಬಾಗಿಲಿನವರು ನಮ್ಮ ಕೆಳಗೆ. ಅಪ್ಪನಿಗೆ ಫೋನಿನಲ್ಲಿ ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ನೋಡಿದ, ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದ.

"ನಮ್ದೇನಾ ಇದು?"

"ಮತ್ತೆ ಪಕ್ಕದ ಮನೇವ್ರದ್ದಾ?"

"ಹೆಂಗೆ ಮಾಡಿದೆ?"

"ವಿದ್ಯೆ ಅಪ್ಪಾ, ವಿದ್ಯೆ," ಅಂದೆ. ಸರ್ಕಲ್ಲಿನ ವಿಷಯ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟಿದ್ದರೆ ಅಪ್ಪ ಬೇಡ ಅನ್ನುತ್ತಿದ್ದ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಬಾಗಿಲು ತಳ್ಳುವವರು ಹೆಚ್ಚಿದರು. ಅಪ್ಪ ಪ್ಲಾಸ್ಟರಿನ ಹೊಸ ಚೀಲ ತರಿಸಿದ, ಬಾಗಿಲು ಹಾಕುವ ಮಾತು ಬಿಟ್ಟ, ಕೆಲಸ ಮಾಡುತ್ತ ಗುನುಗುವುದನ್ನು ಮತ್ತೆ ಶುರು ಮಾಡಿದ. ನಾನು ಹಿಗ್ಗಿ ಹೀರೇಕಾಯಿಯಾದೆ. ಬಂದವರಲ್ಲಿ ಕೆಲವರ ಮುಖ ಕೆಂಪಾಗಿರುತ್ತಿತ್ತು. ಒಬ್ಬರು ಚೀಟಿಯಲ್ಲಿ ಬರೆದು ತೋರಿಸಿದರು: "ಆ ಬೀಗದವನಿಗೆ ಸ್ವಲ್ಪ ಮೆತ್ತಗೆ ಮಾತಾಡಲು ಹೇಳಿ."

ಒಂದು ಮಧ್ಯಾಹ್ನ ನಾನೇ ಭಾವನ ಅಂಗಡಿಯಲ್ಲಿದ್ದಾಗ ಕಣ್ಣಾರೆ ನೋಡಿದೆ. ಕೋಟು ಹಾಕಿದ ಗಂಡಸೊಬ್ಬರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬಂದು ನಿಂತರು. ಭಾವ ಮೆಷಿನ್ ನಿಲ್ಲಿಸದೆ ಕೂಗಿದರು: "ಹಲ್ಲಾ ಸಾರ್? ಇಲ್ಲಲ್ಲ, ಎರಡು ಸ್ಟಾಪ್ ಆಚೆ, ಟ್ಯಾಂಕ್ ಹಿಂದೆ." ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ಆ ಮನುಷ್ಯನ ಬಾಯಿಯನ್ನೇ ನೋಡಿದರು. ಅವರು ಕೋಟಿನ ಕಾಲರ್ ಎತ್ತಿಕೊಂಡು ಸರಸರ ಹೋದರು. ಬಸ್ಸು ಹತ್ತಲಿಲ್ಲ, ನಡೆದುಕೊಂಡೇ ಹೋದರು. ಗೋಡೆಯ ಮೇಲಿನ ಬೋರ್ಡು ನೋಡಲಾರದೆ ನಾನೂ ಎದ್ದು ಹೊರಟೆ. ಆದರೂ ಮನೆಗೆ ಬಂದು ಫೋನ್ ತೆಗೆದು ನೋಡಿದೆ, ಮೊದಲ ಸ್ಥಾನ ಹಾಗೇ ಇತ್ತು. ಸಮಾಧಾನ ಮಾಡಿಕೊಂಡೆ.

ಮೊದಲ ಸ್ಥಾನಕ್ಕೆ ಇನ್ನೊಂದು ಪೀಡೆ ಅಂಟಿಕೊಂಡು ಬರುತ್ತದೆ. ನಂಬರ್ ಎಲ್ಲರ ಕಣ್ಣಿಗೂ ಬೀಳುವುದರಿಂದ ಮಾರಾಟದ ಕರೆಗಳು ಸುರಿಯುತ್ತವೆ. ಸಾಲ ಬೇಕೇ, ವಿಮೆ ಬೇಕೇ, ನಿಮ್ಮ ಸೈಟನ್ನು ಮೊದಲ ಪುಟಕ್ಕೆ ತರಬೇಕೇ ಅಂತ. ನನ್ನನ್ನೇ. ಅವೆಲ್ಲ ಮೆಷಿನ್ ಮಾಡುವ ಕರೆಗಳು. ಎತ್ತಿದರೆ ಮೊದಲು ಸ್ವಲ್ಪ ಹೊತ್ತು ಬರೀ ಮೌನ, ಆಮೇಲೆ ರಾಗ. ಅಪ್ಪನ ಕೈಯಲ್ಲಿ ಯಾವಾಗಲೂ ಪ್ಲಾಸ್ಟರ್ ಆದ್ದರಿಂದ ಫೋನು ನನ್ನ ಕೈಗೆ ಬಂದಿತ್ತು. ದಿನವಿಡೀ ಎತ್ತಿ ಎತ್ತಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಮೌನ ಕೇಳಿಸಿದರೆ ಸಾಕು, ಬೈದು ಕುಕ್ಕುತ್ತಿದ್ದೆ.

ಆ ದಿನ ಬೆಳಿಗ್ಗೆ ಭಾವನಿಂದ ಮೆಸೇಜ್ ಬಂತು. ಮಗ ಸ್ಕೂಲಿನಲ್ಲಿ ಬಿದ್ದು ಕೈ ಮುರಿದುಕೊಂಡಿದ್ದಾನೆ, ಆಸ್ಪತ್ರೆಯಲ್ಲಿದ್ದೇವೆ, ಅಂಗಡಿ ಮುಚ್ಚಿದ್ದೇನೆ ಅಂತ. ಅಕ್ಕನಿಗೆ ಫೋನ್ ಮಾಡಿ ಧೈರ್ಯ ಹೇಳಿದೆ. ಸರ್ಕಲ್ಲಿಗೆ ಬರುವವರ ಗತಿಯೇನು ಅನ್ನುವುದು ಒಂದು ಗಳಿಗೆ ಹೊಳೆಯಿತು. ಒಂದು ದಿನಕ್ಕೆ ಏನಾಗುತ್ತೆ ಬಿಡು ಅಂದುಕೊಂಡೆ. ಗುರುತು ಸರಿಸಿದರೆ ಸ್ಥಾನ ಕುಸಿಯುತ್ತದೆ, ಮತ್ತೆ ಏರಿಸುವುದು ಯಾರಪ್ಪನ ಕೈಲೂ ಆಗುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. ಎತ್ತಿದೆ. ಮೌನ. ಕುಕ್ಕಿದೆ. ಮತ್ತೆ ಬಂತು. ಮತ್ತೆ ಮೌನ, ಹಿಂದೆ ಬಸ್ಸಿನ ಸದ್ದು, ಉಫ್ ಉಫ್ ಅನ್ನುವ ಉಸಿರು. ಹಾಸಿಗೆ ಮಾರುವವರು ಆಗಷ್ಟೇ ನನ್ನ ಹತ್ತಿರ ಜಗಳ ಆಡಿ ಫೋನ್ ಇಟ್ಟಿದ್ದರು. ನನ್ನ ನಾಲಿಗೆಗೆ ಕಡಿವಾಣವೇ ಇರಲಿಲ್ಲ.

"ಮಾತಾಡೋಕೆ ಬರಲ್ಲ ಅಂದ್ಮೇಲೆ ಫೋನ್ ಯಾಕ್ರೀ ಮಾಡ್ತೀರಾ? ಮಾಡೋಕೆ ಬೇರೆ ಕೆಲ್ಸ ಇಲ್ವಾ? ಥೂ, ಮಾನ ಮರ್ಯಾದೆ ಏನೂ ಇಲ್ವಲ್ರೀ ನಿಮ್ಗೆ."

ಆ ಕಡೆಯಿಂದ ಟಕ್ ಅಂತ ಒಂದು ಸಣ್ಣ ಸದ್ದು ಬಂತು. ಆಮೇಲೆ ಕರೆ ಕಟ್ಟಾಯಿತು. ನಾನು ಆ ಸದ್ದಿನ ಕಡೆ ಗಮನ ಕೊಡಲಿಲ್ಲ.

ಮಾರನೇ ದಿನ ಭಾವನ ಪಕ್ಕದ ಚಪ್ಪಲಿ ಅಂಗಡಿಯವರು ಮಗುವನ್ನು ವಿಚಾರಿಸಲು ಅಕ್ಕನ ಮನೆಗೆ ಬಂದಿದ್ದರು. ನಾನೂ ಅಲ್ಲೇ ಇದ್ದೆ. ಕೈಗೆ ಹಾಕಿದ ಪ್ಲಾಸ್ಟರಿನ ಮೇಲೆ ಹುಡುಗನಿಗೆ ಒಂದು ಬೀಗದ ಚಿತ್ರ ಬರೆದುಕೊಡುತ್ತಿದ್ದೆ.

"ನಿನ್ನೆ ನಿಮ್ಮ ಅಂಗಡಿ ಮೆಟ್ಲ ಮೇಲೆ ಒಬ್ರು ವಯಸ್ಸಾದ ಹೆಂಗಸು ಕೂತಿದ್ರು," ಅಂದರು ಚಪ್ಪಲಿಯವರು ಭಾವನಿಗೆ. "ಬೆಳಿಗ್ಗೆ ಬಂದೋರು ಮಧ್ಯಾಹ್ನ ಕಳೆದ್ರೂ ಎದ್ದಿಲ್ಲ. ಒಳ್ಳೇ ಬಟ್ಟೆ ಉಟ್ಕೊಂಡಿದ್ರು. ಬಾಯಿಗೆ ಕರ್ಚೀಫ್ ಒತ್ಕೊಂಡು ಗೋಡೆ ಮೇಲಿನ ಬೋರ್ಡ್ ನೋಡೋದು, ಫೋನ್ ನೋಡೋದು. ಏನಮ್ಮ, ಯಾರು ಬೇಕು ಅಂತ ಕೇಳಿದೆ. ತಲೆ ಅಲ್ಲಾಡಿಸಿಬಿಟ್ರು. ತಲೆ ಸರಿ ಇಲ್ವೇನೋ ಅನ್ಕೊಂಡು ನಾನೂ ಸುಮ್ನಾದೆ. ಯಾರೋ ಒಬ್ಬ ಅವ್ರ ಪಕ್ಕದಲ್ಲಿ ಚಿಲ್ಲರೆ ಇಟ್ಟು ಹೋದ. ಆಗ ಎದ್ದು ಹೋದ್ರು ನೋಡಿ."

ನನ್ನ ಕೈಯಲ್ಲಿದ್ದ ಪೆನ್ನು ನಿಂತುಹೋಯಿತು. ಆ ಟಕ್ ಅನ್ನುವ ಸದ್ದು ಈಗ ಕಿವಿಗೆ ಬಂತು. ಮುರಿದಿದ್ದರೆ ಒಂದು ಸಲ. ಅಪ್ಪನ ಹಳೆಯ ಗಿರಾಕಿ ಅವರು, ಮ್ಯಾಪ್ ನೋಡಿ ಅಂಗಡಿ ಸರ್ಕಲ್ಲಿಗೆ ಬದಲಾಗಿದೆ ಅಂದುಕೊಂಡಿದ್ದಾರೆ. ಯಾವತ್ತೋ ಅಪ್ಪ ಹೇಳಿಕೊಟ್ಟದ್ದನ್ನು ನೆನಪಿಟ್ಟುಕೊಂಡು, ನಾನು ಉಗಿದ ಮೇಲೂ, ಒಂದು ಸಲ ತಟ್ಟಿದ್ದರು.

ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಮುಖ ಸುಡುತ್ತಿತ್ತು. ಚಿಕ್ಕಮ್ಮ, ಬೀಗಕ್ಕೆ ಕಿಂಡಿ ಬರೀಲೇ ಇಲ್ಲ ಅಂತ ಹುಡುಗ ಅಳುವ ಮುಖ ಮಾಡಿದ. ಅಲ್ಲಿಂದ ಎದ್ದು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡೆ.

ನಂಬರ್ ಫೋನಿನಲ್ಲೇ ಇತ್ತು. ಒತ್ತಿದೆ. ಎತ್ತಿದರು. ಅದೇ ಉಸಿರು. ಹಲೋ ಅನ್ನಲು ಹೋಗಿ ತಡೆದುಕೊಂಡೆ. ಹಲೋ ಅಂದರೆ ನನ್ನ ದನಿ ಗುರುತಿಸುತ್ತಾರೆ. ರೇಡಿಯೋ ಅಂತ ಹೆಸರಿಟ್ಟುಕೊಂಡವಳು ಮೌನವಾಗಿ ನಿಂತೆ, ಆ ಕಡೆ ಅವರೂ ಮೌನ. ಕೊನೆಗೆ ನಾನೇ ಕಟ್ ಮಾಡಿ ಮೆಸೇಜ್ ಬರೆದೆ. ನಮ್ಮ ಅಂಗಡಿ ಸರ್ಕಲ್ಲಿನಲ್ಲಿಲ್ಲ, ಮೊದಲಿನ ಜಾಗದಲ್ಲೇ ಇದೆ, ಟ್ಯಾಂಕಿನ ಹಿಂದೆ, ದಯವಿಟ್ಟು ಬನ್ನಿ ಅಂತ. ಕೊನೆಯಲ್ಲಿ ಕ್ಷಮಿಸಿ, ಬೈದವಳು ನಾನೇ ಅಂತ ಸೇರಿಸಿದೆ. ಅದನ್ನು ಅಳಿಸಿದೆ. ಅಂಗಡಿಯ ಹೆಸರು ಹಾಕಿ ಕಳಿಸಿದೆ. ಅಷ್ಟು ಹೇಡಿ ನಾನು ಅಂತ ನನಗೇ ಗೊತ್ತಿರಲಿಲ್ಲ.

ಉತ್ತರ ಬಂತು. "ನಿನ್ನೆ ಸಂಜೆಯ ಸಭೆಗೆ ಬೇಕಾಗಿತ್ತು. ಇನ್ನು ಅವಸರವೇನೂ ಇಲ್ಲ. ನಾಳೆ ಬರುತ್ತೇನೆ."

ಅಲ್ಲೇ ಕೂತು ಗುರುತನ್ನು ಗಲ್ಲಿಗೆ ಸರಿಸಿದೆ. ಭಾವನ ಗೋಡೆಯ ಬೋರ್ಡು ಕಿತ್ತು ತಂದೆ. ಅಪ್ಪನ ಮುಂದೆ ಬೋರ್ಡನ್ನು ಇಟ್ಟು ಸರ್ಕಲ್ಲಿನ ವಿಷಯ ಹೇಳಿದೆ. ಮೆಟ್ಟಿಲ ಮೇಲೆ ಕೂತವರ ವಿಷಯವನ್ನೂ ಹೇಳಿದೆ. ಫೋನಿನ ವಿಷಯ ಮಾತ್ರ ಬಾಯಿಗೆ ಬರಲಿಲ್ಲ.

ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ನಾನೂ ಎರಡು ಮಾತು ತಿರುಗಿಸಿ ಹೇಳಿ, ಅತ್ತು, ಹಗುರಾಗುತ್ತಿದ್ದೆ. ಅವನು ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ.

"ಬೀದೀಲಿ ಕೂತಿದ್ರಾ?" ಅಂದ. "ಎಲ್ರ ಎದುರಿಗೆ?"

"ಹೂಂ."

"ಬಸ್‌ಸ್ಟಾಪ್ ಎದುರಿಗಾ?"

ನಾನು ತಲೆ ತಗ್ಗಿಸಿದೆ. ಅಪ್ಪ ಒಳಗೆ ಹೋಗಿ ಕುರ್ಚಿಯನ್ನು ಒರೆಸಿದ, ಕನ್ನಡಿ ಗೋಡೆಗೆ ತಿರುಗಿದೆಯೋ ಇಲ್ಲವೋ ಅಂತ ಕೈಯಿಂದ ಮುಟ್ಟಿ ನೋಡಿದ.

ಮರುದಿನ ಅವರು ಬಂದರು. ತೆಳ್ಳಗೆ, ನೆಟ್ಟಗೆ ನಡೆಯುವ ಹೆಂಗಸು, ಬಾಯಿಗೆ ಬಿಳಿ ಕರ್ಚೀಫು. ಗಲ್ಲಿಯ ಕಡೆ ಒಮ್ಮೆ ನೋಡಿ ಬಾಗಿಲು ತಳ್ಳಿದರು. ಅಪ್ಪ ಕೈ ಮುಗಿದು ಒಳಗೆ ಕರೆದ. ಕೈಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟರು. ಮೇಲಿನ ಸೆಟ್ಟು, ನಡುವೆ ಸರಿಯಾಗಿ ಎರಡು ಹೋಳು.

"ತೊಳೆಯೋವಾಗ ಕೈ ಜಾರ್ತಾ?" ಅಪ್ಪ ಕೇಳಿದ. ಅವರು ತಲೆಯಾಡಿಸಿದರು. "ಮೊದ್ಲಿನ ಥರಾನೇ ಕೂರುತ್ತೆ. ಇಲ್ಲೇ ಕೂತಿರ್ತೀರಾ?" ಮತ್ತೆ ತಲೆಯಾಡಿಸಿದರು.

ನಾನು ಧೂಳಿಗೆ ಹಾಕುವ ಮಾಸ್ಕನ್ನು ಅವರು ಬರುವ ಮೊದಲೇ ಹಾಕಿಕೊಂಡು ಕೂತಿದ್ದೆ. ಉಜ್ಜುವಾಗ ಪುಡಿ ಹಾರುತ್ತದೆ, ಮಾಸ್ಕ್ ಇದ್ದರೆ ಮಾತಾಡದಿದ್ದರೂ ಯಾರಿಗೂ ಅನುಮಾನ ಬರುವುದಿಲ್ಲ. ಬೆಳಿಗ್ಗೆಯಿಂದ ನಾನು ತುಟಿ ಬಿಚ್ಚದ್ದನ್ನು ನೋಡಿ ಅಪ್ಪ, "ಏನು, ರೇಡಿಯೋ ಕೆಟ್ಟುಹೋಗಿದ್ಯಾ?" ಅಂತ ಕೇಳಿದ್ದ. ಅದಕ್ಕೂ ಮಾಸ್ಕನ್ನೇ ಮೇಲಕ್ಕೆ ಎಳೆದುಕೊಂಡಿದ್ದೆ.

ಅಪ್ಪ ಎರಡು ಹೋಳನ್ನು ಅಂಚಿಗೆ ಅಂಚು ಕೂರಿಸಿ ಮೇಣ ಹಾಕಿ ಹಿಡಿದ, ಒಳಗೆ ಪ್ಲಾಸ್ಟರ್ ತುಂಬಿ ಅಚ್ಚು ತೆಗೆದ. ಒಡೆದ ಅಂಚನ್ನು ನಾನು ಉಜ್ಜಿ ಅಗಲ ಮಾಡಿಕೊಟ್ಟೆ. ಆ ಸಂದಿಗೆ ಅವನು ಗುಲಾಬಿ ಬಣ್ಣದ ಪುಡಿ ಉದುರಿಸಿ, ದ್ರವ ಬಿಟ್ಟು ತುಂಬಿದ. ಬಿಸಿನೀರಿನಲ್ಲಿ ಗಟ್ಟಿಯಾಗಲು ಇಟ್ಟ. ಅಷ್ಟು ಹೊತ್ತೂ ಅವರು ಗೋಡೆಯ ಕಡೆ ನೋಡಿಕೊಂಡು ಕೂತಿದ್ದರು. ನಾನು ಟೀ ತಂದಿಟ್ಟೆ. ನಾವು ಬೆನ್ನು ತಿರುಗಿಸಿದ ಮೇಲೆ ಕುಡಿದರು.

ಪಾಲಿಶ್ ಆದ ಸೆಟ್ಟನ್ನು ಅಪ್ಪ ತೊಳೆದು ಕೊಟ್ಟ. ಅವರು ಆ ಕಡೆ ತಿರುಗಿ ಹಾಕಿಕೊಂಡರು. ಈ ಕಡೆ ತಿರುಗಿದಾಗ ಬೇರೆಯೇ ಮನುಷ್ಯರು. ಕೆನ್ನೆ ತುಂಬಿಕೊಂಡಿತ್ತು, ಗಲ್ಲ ಮೇಲೆದ್ದಿತ್ತು.

"ಈಗ ಸ್ವಲ್ಪ ಮಾತಾಡಿ," ಅಂದ ಅಪ್ಪ. ಇದೂ ಅವನ ಪದ್ಧತಿ. ಕೂತ ಹಲ್ಲು ಮಾತಿನಲ್ಲಿ ಅಲುಗುತ್ತದೋ ಅಂತ ನೋಡಲು ಏನಾದರೂ ಮಾತಾಡಿಸುತ್ತಾನೆ. "ಯಾರಿಗಾದ್ರೂ ಹೇಳ್ಬೇಕು ಅಂತಿದ್ದದ್ದು ಇರುತ್ತಲ್ಲ, ಅದನ್ನೇ ಹೇಳಿ."

ಅವರು ಎದ್ದು ನಿಂತು ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಎಲ್ಲರಿಗೂ ನಮಸ್ಕಾರ," ಅಂದರು, ಪ್ಲಾಸ್ಟರ್ ಬಟ್ಟಲುಗಳಿಗೆ. "ನಾನೂ ಇವಳೂ ಒಂದೇ ಲೈಬ್ರರೀಲಿ ಒಂದೇ ಮೇಜಿನ ಆ ಕಡೆ ಈ ಕಡೆ ಕೂತು ಕೆಲಸ ಮಾಡಿದೋರು. ನಮ್ಮಿಬ್ಬರಲ್ಲಿ ಒಂದು ಒಪ್ಪಂದ ಇತ್ತು. ಯಾರು ಮೊದ್ಲು ಹೋಗ್ತಾರೋ ಅವ್ರ ಬಗ್ಗೆ ಉಳಿದೋರು ಎದ್ದು ನಿಂತು ಒಳ್ಳೇದು ಹೇಳ್ಬೇಕು, ಸುಳ್ಳಾದ್ರೂ ಪರವಾಗಿಲ್ಲ ಅಂತ. ಇವಳಿಗೆ ಅವಸರ ಜಾಸ್ತಿ, ಮೊದ್ಲು ಹೋದ್ಲು. ಸರಿ, ನಾನು ಸುಳ್ಳು ಹೇಳ್ತೀನಿ. ಇವಳು ಬಹಳ ಮೆತ್ತಗೆ ಮಾತಾಡೋಳು. ಲೈಬ್ರರೀಲಿ ಸದ್ದು ಮಾಡ್ಬೇಡಿ ಅಂತ ಬರೆದಿದ್ದ ಬೋರ್ಡಿನ ಕೆಳಗೇ ಕೂತು ಇವಳು ನಕ್ಕರೆ, ಹೊರಗಡೆ ಸೈಕಲ್‌ನೋರು ಇಳಿದು ನೋಡೋರು..."

ಅಲ್ಲಿ ಜನ ನಗಬೇಕಿತ್ತು. ಅವರು ನಗುವಿಗೆ ಜಾಗ ಬಿಟ್ಟು ಕಾದರು. ಅಪ್ಪ ಸಣ್ಣಗೆ ನಕ್ಕ. ನನ್ನಿಂದ ಆಗಲಿಲ್ಲ. ಮಾಸ್ಕಿನೊಳಗೆ ನನ್ನ ಮುಖ ಒದ್ದೆಯಾಗಿತ್ತು.

ಕಾಗದವಿಲ್ಲದೆ, ಒಂದು ಕಡೆಯೂ ತಡವರಿಸದೆ ಪೂರ್ತಿ ಹೇಳಿದರು. ಮುಗಿಸಿ ಕೂತರು.

"ಇದನ್ನ ಮೊನ್ನೆ ಅವಳ ಶ್ರದ್ಧಾಂಜಲಿ ಸಭೇಲಿ ಹೇಳ್ಬೇಕಿತ್ತು," ಅಂದರು ಅಪ್ಪನಿಗೆ. "ಆಗ್ಲಿಲ್ಲ. ಕೊನೇ ಸಾಲಲ್ಲಿ ಬಾಯಿ ಮುಚ್ಕೊಂಡು ಕೂತಿದ್ದೆ. ಅವಳನ್ನ ಸರಿಯಾಗಿ ನೋಡೇ ಇರದೋರು ಎದ್ದು ನಿಂತು ಆಕೆ ಮಿತಭಾಷಿ ಅಂದ್ರು. ಎಲ್ರೂ ತಲೆ ಆಡಿಸಿದ್ರು. ಅವಳ ಮಗಳು ನನ್ನ ಕಡೆ ನೋಡಿದ್ಲು, ನೀವಾದ್ರೂ ಹೇಳಿ ಅನ್ನೋ ಥರ. ನಾನು ನೆಲ ನೋಡ್ದೆ."

"ತಪ್ಪು ನಮ್ದು," ಅಂದ ಅಪ್ಪ. "ಅಂಗಡಿ ಎಲ್ಲೋ ಇದೆ ಅಂತ ತೋರಿಸ್ಬಿಟ್ವಿ."

"ಅದಿರ್ಲಿ ಬಿಡಿ. ನಿಮಗೆ ಫೋನೂ ಮಾಡ್ದೆ. ನೀವು ಎತ್ತುತ್ತೀರ, ತಟ್ಟಿದ್ರೆ ತಿಳ್ಕೋತೀರ ಅಂತ. ಯಾರೋ ಹುಡುಗಿ ಎತ್ತಿದ್ಲು." ಅವರು ಅಲ್ಲಿಗೆ ನಿಲ್ಲಿಸಿದರು. ಆ ಹುಡುಗಿ ಏನಂದಳು ಅಂತ ಹೇಳಲಿಲ್ಲ. "ಅವಳಿಗೆ ಏನು ಕಷ್ಟ ಇತ್ತೋ ಏನೋ, ಪಾಪ."

ಅಪ್ಪ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದರಲ್ಲೇ ಅವನಿಗೆ ಎಲ್ಲ ಗೊತ್ತಾಯಿತು ಅಂತ ನನಗೆ ಗೊತ್ತಾಯಿತು. ಅವನು ಎದ್ದು ಕನ್ನಡಿಯನ್ನು ಈ ಕಡೆ ತಿರುಗಿಸಿದ. ಅವರು ನೋಡಿಕೊಂಡರು, ಕರ್ಚೀಫನ್ನು ಮಡಚಿ ಚೀಲಕ್ಕೆ ಹಾಕಿದರು.

ಹೋಗುವ ಬಾಗಿಲನ್ನು ತೆಗೆಯುವುದು ನನ್ನ ಕೆಲಸ. ತೆಗೆದು ಪಕ್ಕಕ್ಕೆ ನಿಂತೆ. ಅವರು ಹೊಸ್ತಿಲ ಮೇಲೆ ನಿಂತು ಕೇಳಿದರು: "ಬಸ್‌ಸ್ಟಾಪ್‌ಗೆ ಈ ಕಡೆಯಿಂದ ಹೆಂಗೆ ಹೋಗ್ಲಿ ಮಗಾ?"

ನಾನು ಕೈ ತೋರಿಸಿದೆ. ಎಡಕ್ಕೆ, ಆಮೇಲೆ ನೇರ.

ಅವರು ನನ್ನ ಮಾಸ್ಕನ್ನು ನೋಡಿದರು, ಕಣ್ಣನ್ನು ನೋಡಿದರು. ಅವರ ಮುಖ ಮೆತ್ತಗಾಯಿತು. ಹತ್ತಿರ ಬಂದು ದನಿ ತಗ್ಗಿಸಿದರು, ಒಳಗಿರುವ ಅಪ್ಪನಿಗೂ ಕೇಳಿಸದಷ್ಟು.

"ನಿಂಗೂ ಹಲ್ಲಿನದ್ದೇ ತೊಂದ್ರೆನಾ? ಬಂದಾಗಿನಿಂದ ನೋಡ್ತಿದೀನಿ, ಒಂದು ಮಾತಾಡಿಲ್ಲ ನೀನು. ಇಷ್ಟು ಚಿಕ್ಕ ವಯಸ್ಸಿಗೆ, ಪಾಪ." ನನ್ನ ತೋಳು ಸವರಿದರು. "ನಾಚ್ಕೋಬೇಡ ಕಣಮ್ಮ. ನಾಚಿಕೆ ಪಡೋಂಥದ್ದು ನೀನೇನು ಮಾಡಿದೀಯಾ? ಅವ್ರು ಸರಿ ಮಾಡಿಕೊಡ್ತಾರೆ."

ಸುಮ್ಮನೆ ತಲೆಯಾಡಿಸಿದ್ದರೆ ಅವರು ಹೋಗಿಬಿಡುತ್ತಿದ್ದರು. ನನ್ನನ್ನು ಒಬ್ಬ ಪಾಪದ ಹುಡುಗಿ ಅಂದುಕೊಂಡೇ ಹೋಗುತ್ತಿದ್ದರು. ಆ ಕೈ ನನ್ನ ತೋಳಿನ ಮೇಲೇ ಇತ್ತು. ನನಗೆ ತಡೆಯಲಾಗಲಿಲ್ಲ. ಮಾಸ್ಕನ್ನು ಕೆಳಗೆಳೆದೆ.

"ಅಮ್ಮಾ, ಮೊನ್ನೆ ಫೋನ್ ಎತ್ತಿದ್ದು ನಾನು. ನನ್ನನ್ನ ಕ್ಷಮಿಸಿ."

ಮಾತು 'ಅಮ್ಮಾ' ಅನ್ನುವಲ್ಲೇ ಇತ್ತು, ಆಗಲೇ ಅವರಿಗೆ ದನಿ ಗುರುತು ಸಿಕ್ಕಿತ್ತು. ಕೈ ನನ್ನ ತೋಳನ್ನು ಬಿಟ್ಟಿತು. ಬಿಟ್ಟ ಕೈ ನೇರ ಮೇಲಕ್ಕೆ ಹೋಗಿ ಅವರ ಬಾಯಿಯನ್ನು ಮುಚ್ಚಿತು. ಬಾಯಿ ತುಂಬ ಹಲ್ಲಿತ್ತು, ಅಪ್ಪ ಆಗಷ್ಟೇ ಉಜ್ಜಿ ಕೂರಿಸಿದ್ದು, ಆದರೂ ಮುಚ್ಚಿಕೊಂಡರು. ಏನೋ ಹೇಳಲು ನೋಡಿದರು, ಕೈ ಕೆಳಗಿಳಿಯಲಿಲ್ಲ. ಹಾಗೇ ತಲೆಯಾಡಿಸಿದರು. ಕ್ಷಮಿಸಿದೆ ಅಂತಲೋ, ಸಾಕು ಅಂತಲೋ ತಿಳಿಯಲಿಲ್ಲ. ಮೆಟ್ಟಿಲಿಳಿದು ಎಡಕ್ಕೆ ತಿರುಗುವ ತನಕ ಆ ಕೈ ಬಾಯಿಯ ಮೇಲೇ ಇತ್ತು.

ಒಳಗಿನಿಂದ ಅಪ್ಪ ಕೇಳಿದ: "ಹೋದ್ರಾ? ಮಾತಾಡೋಕೆ ಆರಾಮಾಗಿದ್ಯಂತಾ?"

ನಾನು ಬಾಗಿಲು ಹಿಡಿದುಕೊಂಡು ನಿಂತೇ ಇದ್ದೆ. ಉತ್ತರ ಬರದಿದ್ದಾಗ ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ, ಹಲ್ಲಿಲ್ಲದವರನ್ನು ಕೇಳುವ ಹಾಗೇ, ಮೆತ್ತಗೆ ಕೇಳಿದ: "ಹೌದಾದ್ರೆ ಒಂದು ಸಲ ತಟ್ಟು ಮಗಳೇ, ಇಲ್ಲಾಂದ್ರೆ ಎರಡು ಸಲ."

ಬಾಗಿಲ ಮೇಲೆ ಎರಡು ಸಲ ತಟ್ಟಿದೆ.